ಮೆಲ್ಲಗಿಟ್ಟರೂ ಗುಮಟೆ ಕೇಳಬೇಕು

ಬೆಳಗಿನ ಐದೂವರೆ. ಸಂತೆಗುಳಿಯ ಈ ಮನೆಯಲ್ಲಿ ಎದ್ದಿರುವವರು ಮೂವರೇ. ಒಲೆಯ ಮುಂದೆ ಧನ್ಯಶ್ರೀ, ಗೋಡೆಗೊರಗಿ ಕುಳಿತ ಆಕೆಯ ಗಂಡನ ಅಜ್ಜಿ ಲಕ್ಕಿ ಗೌಡ, ಚಾಪೆಯ ಮೇಲೆ ಹಳೆಯ ಸ್ಟೀರಿಯೋದ ಬೆನ್ನು ಬಿಚ್ಚಿಟ್ಟುಕೊಂಡು ಕುಳಿತ ವೀಣಾ ನಾಯ್ಕ. ಧನ್ಯಶ್ರೀಯ ನಾಲ್ಕು ತಿಂಗಳ ಕೂಸು ತೊಟ್ಟಿಲಲ್ಲಿ ಮಲಗಿದೆ. ಅದು ಏಳಬಾರದು, ಆದರೆ ಹಾಡು ಕೇಳಬೇಕು. ವೀಣಾ ಹೊನ್ನಾವರದಿಂದ ಕತ್ತಲಲ್ಲೇ ಸ್ಕೂಟರ್ ಹೊಡೆದುಕೊಂಡು ಬಂದಿರುವುದು ಈ ಕೆಲಸಕ್ಕೆ.

ಕ್ಯಾಸೆಟ್ಟು ಮೂವತ್ತು ವರ್ಷದ ಹಿಂದಿನದು. ಅದರಲ್ಲಿ ಹಾಡುವವರು ಲಕ್ಕಿ, ಗುಮಟೆ ಬಾರಿಸುವವರು ಅವರ ಗಂಡ. ಅವರು ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಸುಗ್ಗಿ ಹಾಡಿನ ಜೊತೆ ಆ ಮಣ್ಣಿನ ವಾದ್ಯ 'ದುಂ' ಎಂದು ಮೊಳಗಿದ್ದೆಲ್ಲ ಈ ಒಂದೇ ರೀಲಿನಲ್ಲಿದೆ. ಕೂಸು ಹುಟ್ಟಿದ ಮೇಲೆ ಮನೆಯಲ್ಲಿ ಸೆಟ್ಟನ್ನು ಪಿಸುಮಾತಿನಷ್ಟಕ್ಕೆ ಇಳಿಸಿದ್ದಾರೆ. ಇಳಿಸಿದ್ದೇ ತಡ, ಗುಮಟೆ ಮಾಯ.

"ಹಾಡೂದು ನಾನು. ನನ್ ದನಿ ನಂಗೆ ಎಂತಕೆ ತಂಗಿ? ಅವ್ರ ಗುಮಟೆ ಎಲ್ಲಿ ಹೋತು?" ಎಂದು ಲಕ್ಕಿ ಕೇಳಿದ್ದು ಮಳೆಗಾಲಕ್ಕೆ ಮೊದಲು. ವೀಣಾ ಆ ಪ್ರಶ್ನೆಯನ್ನು ಇನ್ನೂ ಕೆಳಗಿಟ್ಟಿಲ್ಲ.

ದೋಷ ಸೆಟ್ಟಿನದಲ್ಲ, ನಮ್ಮ ಕಿವಿಯದು. ಸದ್ದು ಇಳಿಸುತ್ತ ಹೋದಂತೆ ಗುಮಟೆಯಂಥ ತಗ್ಗಿನ ದನಿಗಳು ಕಿವಿಗೆ ಎಲ್ಲಕ್ಕಿಂತ ಮೊದಲು ಕಳೆದುಹೋಗುತ್ತವೆ, ಮಾತು ಮತ್ತು ಕೊಳಲು ಮಾತ್ರ ಉಳಿಯುತ್ತವೆ. ವೀಣಾ ಇದನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳುತ್ತಾರೆ: "ಬಿಸಿ ಸಾರು ತಣ್ಣಗಾದ್ರೆ ಉಪ್ಪು ಬೇರೆ ತರ ಹತ್ತೂದಿಲ್ವ, ಹಂಗೆ. ಸಾರು ಅದೇ, ನಾಲಿಗೆ ಅದೇ. ಆದ್ರೂ ಮತ್ತೆ ಹದ ಮಾಡ್ಬೇಕು."

ವೀಣಾರಿಗೆ ಈಗ ನಲವತ್ತೆಂಟು. ಹತ್ತನೇ ತರಗತಿ ಮುಗಿಸಿ ಹೊನ್ನಾವರದ ರಾಜೀವ ಶೇಟರ ರೇಡಿಯೋ ಅಂಗಡಿಗೆ ಬಿಲ್ಲು ಬರೆಯಲು ಸೇರಿದವರು, ಎರಡೇ ವರ್ಷದಲ್ಲಿ ಪೆನ್ನು ಬಿಟ್ಟು ಬೆಸುಗೆ ಕಡ್ಡಿ ಹಿಡಿದರು. "ಜೋರಾಗಿ ಕೇಳ್ಸೂದು ಯಾರಿಗೂ ಬತ್ತದೆ, ಮೆಲ್ಲಗೆ ಚೆಂದ ಕೇಳ್ಸೂದೇ ಕೆಲಸ" ಎಂದು ಶೇಟರು ಹೇಳುತ್ತಿದ್ದರಂತೆ. ಶೇಟರೂ ಹೋದರು, ರೇಡಿಯೋ ಕಾಲವೂ ಹೋಯಿತು. ಸುತ್ತಲಿನ ಆರು ರಿಪೇರಿ ಅಂಗಡಿಗಳಲ್ಲಿ ಐದು ಮೊಬೈಲ್ ಅಂಗಡಿಗಳಾದವು. ವೀಣಾರಿಗೂ ಅದೇ ಸಲಹೆ ಕೊಟ್ಟವರು ಬೇಕಾದಷ್ಟು ಜನ. ಕೇಳಿಸಿಕೊಂಡರು, ಚಹಾ ಕುಡಿಸಿದರು, ಕಳಿಸಿದರು. ಹಿಡಿದರೆ ಉಡದ ಪಟ್ಟು.

ಈಗಲೂ ತಿಂಗಳಿಗೆ ಹತ್ತು ಹನ್ನೆರಡು ಸೆಟ್ಟು ಬರುತ್ತವೆ. ಭಟ್ಕಳದವರು ದುಬೈಯಿಂದ ತಂದ ದೊಡ್ಡ ದೊಡ್ಡ ಸೆಟ್ಟುಗಳು, ಮಾವಿನಕುರ್ವೆಯಿಂದ ದೋಣಿಯಲ್ಲಿ ದಾಟಿ ಬರುವ, ಉಪ್ಪುಗಾಳಿಗೆ ತುಕ್ಕು ಹಿಡಿದ ಟೇಪ್ ಡೆಕ್ಕುಗಳು. ಒಳಗೆ ಇರುವೆಗೂಡು, ಹಲ್ಲಿಮೊಟ್ಟೆ ಸಿಗುವುದು ಮಾಮೂಲು. ಪ್ರತಿ ಸೆಟ್ಟಿನ ವಾಲ್ಯೂಮ್ ಗುಂಡಿಯ ಸುತ್ತ ವೀಣಾ ಉಗುರುಬಣ್ಣದಲ್ಲಿ ಮೂರು ಕೆಂಪು ಬೊಟ್ಟು ಇಡುತ್ತಾರೆ. ಕೆಳಗಿನದು ಉಸಿರು, ನಡುವಿನದು ಮಾತು, ಮೇಲಿನದು ಕೂಗು. ಮೂರು ಬೊಟ್ಟಿನಲ್ಲೂ ಹಾಡು ಹಾಡಿನಂತೆ ಕೇಳಿದರೆ ಮಾತ್ರ ಸೆಟ್ಟು ಅಂಗಡಿಯಿಂದ ಹೊರಡುತ್ತದೆ.

ಲಕ್ಕಿಯವರ ಸೆಟ್ಟು ಮಾತ್ರ ಈ ಲೆಕ್ಕ ತಪ್ಪಿಸಿದೆ. ಮೊದಲ ಸಲ ವೀಣಾ ಅದನ್ನು ಬಸ್‌ಸ್ಟ್ಯಾಂಡಿನ ಪಕ್ಕದ ತಮ್ಮ ಅಂಗಡಿಯ ಗದ್ದಲದಲ್ಲಿ ಹದ ಮಾಡಿದರು. ಆ ಗದ್ದಲದಲ್ಲಿ ಅವರು ಉಸಿರು ಎಂದುಕೊಂಡದ್ದು ಸಂತೆಗುಳಿಯ ಮೌನದಲ್ಲಿ ಕೂಗೇ ಆಗಿತ್ತು. ಮನೆಯವರು ಗುಂಡಿಯನ್ನು ಇನ್ನೂ ಕೆಳಗಿಳಿಸಿದರು, ಗುಮಟೆ ಮತ್ತೆ ಹೋಯಿತು. ಎರಡನೇ ಸಲ ತಗ್ಗಿನ ದನಿಯನ್ನು ಒಂದೇ ಸಮ ಎತ್ತಿಟ್ಟರು. ಮೆಲ್ಲಗಿಟ್ಟಾಗ ಚೆನ್ನಾಗಿಯೇ ಕೇಳಿತು. ಆದರೆ ಕೂಸಿಗೆ ಹೆಸರಿಡುವ ದಿನ ಅದರ ಅಪ್ಪ ಶಿವ ಖುಷಿಯಲ್ಲಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಎತ್ತಿಟ್ಟ ದನಿ ಹತ್ತು ಪಟ್ಟಾಗಿ ಬಂದು ಸ್ಪೀಕರಿನ ಕಾಗದ ಹರಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ತಪ್ಪು ಶಿವಂದಲ್ಲ" ಎನ್ನುತ್ತಾರೆ ವೀಣಾ. "ಮನೇಲಿ ಹಬ್ಬ ಬಂದ್ರೆ ಯಾರಾದ್ರೂ ಜೋರು ಇಡ್ತ್ರು. ಅದು ನಂಗೆ ಮೊದ್ಲೇ ತಿಳೀಬೇಕಿತ್ತು. ಅಜ್ಜಿ ಒಂದ್ ಮಾತು ಬೈದಿದ್ರಾದ್ರೂ ಆಗ್ತಿತ್ತು."

ಹಾಗಾಗಿ ಇದು ಮೂರನೇ ಸಲ. ವಾಲ್ಯೂಮ್ ಗುಂಡಿಯ ಬೆನ್ನಿಗೆ ವೀಣಾ ಪುಟ್ಟದೊಂದು ಜೋಡಣೆ ಬೆಸೆದಿದ್ದಾರೆ. ಗುಂಡಿ ಇಳಿದಷ್ಟೂ ಅದು ತಗ್ಗಿನ ದನಿಗೆ ಆಸರೆ ಕೊಡುತ್ತದೆ, ಏರಿದಂತೆ ತಾನೇ ಕೈ ಹಿಂದೆಗೆದುಕೊಳ್ಳುತ್ತದೆ. ಹೊಸ ಸ್ಪೀಕರು ಹಾಕಿ, ಮೇಲಿನ ಬೊಟ್ಟಿನಲ್ಲಿ ನಿನ್ನೆ ಅಂಗಡಿಯಲ್ಲೇ ಎರಡು ಗಂಟೆ ಕೂಗಿಸಿ ನೋಡಿದ್ದಾಗಿದೆ. ಪಕ್ಕದ ಬೇಕರಿಯವರು ಬಂದು ಕೈ ಮುಗಿದರಂತೆ. ಕೆಳಗಿನ ಬೊಟ್ಟನ್ನು ಪರೀಕ್ಷಿಸಲು ಮಾತ್ರ ಇದೇ ಮನೆ ಬೇಕು, ಇದೇ ಹೊತ್ತು ಬೇಕು.

ನೆರೆ ಬಂದೀತೆಂದು ಅಟ್ಟದ ಅಂಚಿಗೆ ಏರಿಸಿಟ್ಟಿದ್ದ ಸ್ಪೀಕರ್ ಪೆಟ್ಟಿಗೆಗಳನ್ನು ವೀಣಾ ಇಳಿಸುತ್ತಾರೆ. ಚಾಪೆಯ ಮೇಲೆ ಕೂತವರ ಕಿವಿಯ ಮಟ್ಟಕ್ಕೆ, ಗೋಡೆಯ ಮೂಲೆಗೆ ಸರಿಸಿ ಇಡುತ್ತಾರೆ. ಮೂಲೆಯೂ ತಗ್ಗಿನ ದನಿಗೆ ಹೆಗಲು ಕೊಡುತ್ತದೆ. ಗುಂಡಿ ಕೆಳಗಿನ ಬೊಟ್ಟಿಗೆ ಬರುತ್ತದೆ.

"ಎಂತ ಅಜ್ಜಿ, ಕೇಳ್ತದ?"

"ಕೇಳ್ತದೆ. ಆದ್ರೆ ನನ್ ದನಿ ಮಡಿಕೆ ಒಳಗೆ ಬಿದ್ದಂಗೆ ಆತು."

ಆಸರೆ ಹೆಚ್ಚಾಗಿದೆ. ಬೆಸುಗೆ ಕಡ್ಡಿ ಮತ್ತೆ ಬಿಸಿಯಾಗುತ್ತದೆ, ಒಂದು ಬಿಡಿಭಾಗ ಬದಲಾಗುತ್ತದೆ. ಮತ್ತೆ ಅದೇ ಪ್ರಶ್ನೆ. ಲಕ್ಕಿ ತಲೆ ಅಲ್ಲಾಡಿಸುತ್ತಾರೆ, ಇನ್ನೂ ಇಲ್ಲ. ಧನ್ಯಶ್ರೀ ತಂದಿಟ್ಟ ಚಹಾ ಕೆನೆಗಟ್ಟಿದೆ. "ಆಗ್ದೇ ನಾ ಏಳೂದಿಲ್ಲ" ಎಂದು ವೀಣಾ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಐದನೇ ಸಲ ಕ್ಯಾಸೆಟ್ಟು ಹಿಂದಕ್ಕೆ ಓಡಿ ಮತ್ತೆ ಶುರುವಾಗುತ್ತದೆ.

ಈ ಸಲ ಲಕ್ಕಿ ತಲೆ ಅಲ್ಲಾಡಿಸುವುದಿಲ್ಲ. ತೊಡೆಯ ಮೇಲಿನ ಅವರ ಬೆರಳು ತಾಳಕ್ಕೆ ಸೇರಿಕೊಳ್ಳುತ್ತದೆ. ಪಿಸುಮಾತಿನಷ್ಟೇ ಹಾಡು, ಅದರ ಕೆಳಗೆ ದುಂಡಗೆ ಗುಮಟೆ. ಕೂಸು ಮಗ್ಗುಲು ಬದಲಿಸಿ ನಿದ್ದೆ ಮುಂದುವರಿಸುತ್ತದೆ. ಮೂರನೇ ಸೊಲ್ಲಿಗೆ ಲಕ್ಕಿಯವರ ಬೆರಳು ತಟ್ಟನೆ ನಿಲ್ಲುತ್ತದೆ.

"ಹಾಂ, ಇಲ್ಲಿ" ಎನ್ನುತ್ತಾರೆ. "ಇಲ್ಲಿ ಅವ್ರು ಒಂದು ಪೆಟ್ಟು ತಪ್ಪಿರು. ನಾ ಅವತ್ತೇ ಹೇಳಿದ್ದೆ. ಸಾಯೂವರೆಗೂ ಒಪ್ಪಲಿಲ್ಲ."

ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬುತ್ತದೆ, ಬಾಯಿ ನಗುತ್ತದೆ. ವೀಣಾ ಬೆನ್ನಿನ ಮುಚ್ಚಳ ಎತ್ತಿಕೊಂಡು ತಿರುಪು ಹಾಕತೊಡಗುತ್ತಾರೆ.

"ತಪ್ಪಿದ ಪೆಟ್ಟು ಕೇಳ್ತಲ್ಲ" ಎನ್ನುತ್ತಾರೆ ಧನ್ಯಶ್ರೀಯ ಕಡೆ ತಿರುಗಿ. "ಆತು. ಇನ್ನು ಮುಚ್ಚಬಹುದು."