ಅಮಾವಾಸ್ಯೆಗೆ ಕೆಡುವ ಜೀಪು

ಮೊನ್ನೆ ಮುದ್ದೇಬಿಹಾಳದ ಬಸ್ ನಿಲ್ದಾಣದ ಎದುರು ಒಂದು ಗಾಡಿ ‘ದಡದಡ’ ಎನ್ನುತ್ತ, ನಡುನಡುವೆ ಒಂದು ‘ದಡ’ವನ್ನು ನುಂಗುತ್ತ ನಿಂತಿತ್ತು. ಚಹಾ ಕುಡಿಯುವುದನ್ನು ಬಿಟ್ಟು ಕಿವಿಗೊಟ್ಟೆ. ಗಾಡಿ ಹೀಗೆ ಬಡಿತ ತಪ್ಪಿ ಮಿಸ್ ಹೊಡೆದರೆ ಕಾರಣ ಹುಡುಕುವ ಚಟ ನನಗೆ. ಸ್ಕ್ರೂಡ್ರೈವರ್ ಹಿಡಿಯಲು ಮಾತ್ರ ಇನ್ನೂ ಬರುವುದಿಲ್ಲ.

ಚಟ ಹತ್ತಿಸಿದ್ದು ನಾಲತವಾಡದ ನಮ್ಮ ಕಾಕಾನ ಬಾಡಿಗೆ ಜೀಪು. ಅದಕ್ಕೆ ಪಂಚಾಂಗ ಗೊತ್ತಿತ್ತು ನೋಡಿ! ತಿಂಗಳಿಡೀ ಸಿಂದಗಿ, ಇಂಡಿ ಎಂದು ಓಡಿ, ಅಮಾವಾಸ್ಯೆಯ ಮರುದಿನ ಕುಂಟತೊಡಗುತ್ತಿತ್ತು. ನಾಲ್ಕು ದಿನ ಅಂಗಳದಲ್ಲಿ ನಿಂತರೆ ತಾನೇ ಸರಿಹೋಗುತ್ತಿತ್ತು.

“ದೃಷ್ಟಿ ಆಗೇತಿ. ಈ ಸಲ ಇನ್ನೊಂದು ಕಾಯಿ ಒಡಿ” ಎನ್ನುತ್ತಿದ್ದ ಕಾಕಾ. ಅವನ ಹೆಂಡತಿ ಕಾಕು ಪ್ರತಿ ಅಮಾವಾಸ್ಯೆಗೆ ಬಾನೆಟ್ ಎತ್ತಿ, ಇಂಜಿನ್ನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ನೀರನ್ನು ಅದರ ಮೇಲೆಯೇ ಚಿಮುಕಿಸುತ್ತಿದ್ದಳು. ಆಕೆಯ ಅಣ್ಣ ಬಾಗೇವಾಡಿ ರಸ್ತೆಯಲ್ಲಿ ಲಾರಿ ಗುದ್ದಿ ತೀರಿಕೊಂಡಿದ್ದ. ಅಂದಿನಿಂದ ಜೀಪು ಮನೆಗೆ ಮರಳುವವರೆಗೆ ಆಕೆಗೆ ತುತ್ತು ಇಳಿಯುತ್ತಿರಲಿಲ್ಲ. ಪಾಪ, ಅದನ್ನು ಬಾಯಿಬಿಟ್ಟು ಹೇಳಿದವಳೂ ಅಲ್ಲ.

ಜೀಪಿನ ಕುಂಟಾಟ ಹೆಚ್ಚಿದಾಗ ಮಸೂತಿ ಊರಿನ ಮೆಕ್ಯಾನಿಕ್ ಶಿವಪ್ಪ ಬಂದ. ಅವನ ಸ್ಕ್ಯಾನರು, ಇಂಧನ ಚಿಮ್ಮಿಸುವ ಮೂರನೇ ಇಂಜೆಕ್ಟರಿಗೆ ಕರೆಂಟು ಸರಿಯಾಗಿ ಹೋಗುತ್ತಿಲ್ಲ ಎಂದಿತು. ಮೀಟರ್ ಹಚ್ಚಿದರೆ ಇಂಜೆಕ್ಟರು ಸರಿಯಾಗಿಯೇ ಇತ್ತು. “ಹಂಗಾರ ಕರೆಂಟ್ ಎಲ್ಲಿ ಹೊಂಟೈತಿ?” ಎಂದು ನಾನು ಅವನ ಹೆಗಲ ಮೇಲೆಯೇ ಬಗ್ಗಿದೆ. ಅವನು ವೈರಿನ ಪ್ಲಗ್ ಕಿತ್ತ. ಒಳಗೆ ಹಸಿರು ಕಿಲುಬು, ಅಂಟಂಟು. ಮೂಸಿ ನೋಡಿ, ಕಾಕುವಿನ ಕಡೆ ತಿರುಗಿ ನಕ್ಕುಬಿಟ್ಟ.

“ಅಕ್ಕಾರ, ಇದು ಕಾಯಿನೀರು ರೀ. ಹಸಿ ಇದ್ದಾಗ ಮಿಸ್ ಹೊಡೀತೈತಿ, ಒಣಗಿದ ಮ್ಯಾಲ ಸುಮ್ಮನಾಗ್ತೈತಿ. ನಿಮ್ಮ ಪೂಜಿನೇ ಗಾಡಿ ಕೆಡಸಾಕತ್ತೈತಿ!”

ಗಂಡನನ್ನು ಕಾಯಲಿ ಎಂದು ಮಾಡಿದ ಪೂಜೆಗೆ ಎಂಥ ಮಾತು! ಕಾಕು ಮಾತ್ರ ಸೆರಗಿನಿಂದ ಕೈ ಒರೆಸಿಕೊಂಡು ಕಾಕಾನ ಕಡೆ ತಿರುಗಿದಳು.

“ನೀವು ಮನ್ಯಾಗ ಇರ್ಬೇಕು ಅಂತ ಬೇಡ್ಕೊಂತಿದ್ನಿ. ನಾಕ್ ದಿನಾ ಇರ್ತಿದ್ರಿ. ಪೂಜಿ ಸುಳ್ಳಾಗಿಲ್ಲ ಬಿಡ್ರಿ.”

ಶಿವಪ್ಪ ಹೊಸ ಪ್ಲಗ್ ಹಾಕಿದ. ಈಗ ಕಾಯಿಯನ್ನು ಗಾಲಿಯ ಮುಂದೆ ಒಡೆಯುತ್ತಾರೆ; ಅಂದಿನಿಂದ ಜೀಪು ಕುಂಟಿಲ್ಲ.

ಮೊನ್ನೆ ಚಹಾದಂಗಡಿಯಿಂದಲೇ ಕಾಕಾನಿಗೆ ಫೋನ್ ಮಾಡಿದೆ. ಹಿಂದಿನ ದಿನವಷ್ಟೇ ಅಮಾವಾಸ್ಯೆ ಮುಗಿದಿತ್ತು. “ನಾಕ್ ದಿನಾ ಬಾಡಿಗಿ ಇಲ್ಲಪಾ, ಗಾಡಿ ಕೆಟ್ಟೈತಿ” ಎಂದ. ಹಿಂದಿನಿಂದ ಕಾಕು ನಗುವುದು ಕೇಳಿಸಿತು.

ಏನು ಕೆಟ್ಟಿದೆ ಎಂದು ನಾನು ಕೇಳಲಿಲ್ಲ.