ಅವ್ವನ ಊಟದ ಸರದಿ

ಬಳ್ಳಾರಿಯ ನಿರಾಶ್ರಿತರ ಮನೆಯಲ್ಲಿ ನಾನು ಕೆಲಸಕ್ಕೆ ಸೇರಿ ಒಂದು ಮಳೆಗಾಲ ಕಳೆದಿತ್ತು. ಕುರುಗೋಡಿನಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮರಳುತ್ತಿದ್ದೆ. ಹೆಣ್ಣುಮಕ್ಕಳ ಕೋಣೆಯಲ್ಲಿ ಹದಿನಾಲ್ಕು ಮಂದಿ. ಆರು ಜನಕ್ಕೆ ಮನಸ್ಸಿನ ಕಾಯಿಲೆ, ಮೂವರಿಗೆ ಕಣ್ಣಿಲ್ಲ, ಒಬ್ಬ ಹುಡುಗಿಗೆ ಮಾತಿಲ್ಲ, ಉಳಿದವರು ಮುಪ್ಪಿನವರು. ಇಂಥ ಲೆಕ್ಕ ಬರೆದಿಡುವುದು ನನಗೆ ಶಾಲೆಯ ದಿನಗಳಿಂದ ಅಂಟಿದ ಚಟ. ಯಾರು ಸ್ನಾನ ಮಾಡಿದರು ಎಂಬುದರ ಜೊತೆಗೆ ಯಾರು ನಕ್ಕರು ಎಂಬುದನ್ನೂ ಬರೆಯುತ್ತಿದ್ದೆ.

ಸೆಪ್ಟೆಂಬರಿನ ಒಂದು ಸೋಮವಾರ ಹದಿನೈದನೆಯವಳಾಗಿ ಅವ್ವ ಬಂದಳು. ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಬಹಳ ದಿನದಿಂದ ಮಲಗಿದ್ದಳೆಂದು ಪೊಲೀಸರು ಕರೆತಂದಿದ್ದರು. ಊರು, ಹೆಸರು ಕೇಳಿದರೆ ಗೋಡೆಯ ಕಡೆ ತಿರುಗುತ್ತಿದ್ದಳು; ಹಾಗಾಗಿ ನಮಗೆಲ್ಲ ಬರೀ ಅವ್ವ. ಕಣ್ಣಿಗೆ ಕಾಣದ ಯಾರೊಂದಿಗೋ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಜಗಳವಾಡುತ್ತಿದ್ದಳು. ಆದರೆ ಮೂರನೆಯ ದಿನಕ್ಕೇ ಆ ಮಾತಿಲ್ಲದ ಹುಡುಗಿ ಅವಳ ಮುಂದೆ ಕೂತು ತಲೆ ಬಾಚಿಸಿಕೊಳ್ಳತೊಡಗಿದಳು. ಅಲ್ಲಿಯವರೆಗೆ ಆ ಹುಡುಗಿ ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ.

ತೊಂದರೆಯೆಂದರೆ ಅವ್ವ ಉಣ್ಣುತ್ತಿರಲಿಲ್ಲ. ಬುಧವಾರಕ್ಕೊಮ್ಮೆ ಬರುವ ಡಾಕ್ಟರಮ್ಮ ಕೊಟ್ಟ ಮಾತ್ರೆಯನ್ನು ಉಂಡ ಹೊಟ್ಟೆಯ ಮೇಲೆಯೇ ನುಂಗಬೇಕು. ಹಾಗಾಗಿ ಅಡುಗೆಯ ಅಕ್ಕ ಎಲ್ಲರಿಗಿಂತ ಮೊದಲು ಅವ್ವನಿಗೇ ಬಿಸಿ ರೊಟ್ಟಿ ತರುತ್ತಿದ್ದಳು.

"ಉಣ್ಣಬೇ ಅವ್ವಾ, ನಿನಗಂತನ ಮೊದಲ ತಂದೀನಿ."

"ಒಲ್ಲೆ."

"ಯಾಕಬೇ, ನನ್ನ ಸಾರು ಚಲೋ ಇಲ್ಲೇನು?"

"ಚಲೋನ ಐತಿ. ತಗೊಂಡು ಹೋಗು."

ಚಹಾದಲ್ಲಿ ಅದ್ದಿದ ಬಿಸ್ಕತ್ತು ಬಿಟ್ಟರೆ ಬೇರೇನೂ ಒಳಗೆ ಹೋಗಲಿಲ್ಲ. ವಾರದಲ್ಲಿ ಎರಡು ಕಿಲೋ ಇಳಿದಳು. ಊಟದಲ್ಲಿ ಯಾರೋ ಏನೋ ಬೆರೆಸಿದ್ದಾರೆಂಬ ಅನುಮಾನವಿರಬಹುದು, ಈ ಕಾಯಿಲೆಯಲ್ಲಿ ಹಾಗಾಗುತ್ತದೆ ಎಂದರು ಡಾಕ್ಟರಮ್ಮ. ಅಕ್ಕ ಅವ್ವನ ಎದುರಿಗೇ ಅದೇ ತಟ್ಟೆಯಿಂದ ಒಂದು ತುತ್ತು ತಿಂದು ತೋರಿಸಿದಳು.

"ಎಂಜಲ ಮಾಡಿ ಕೊಟ್ರ ಯಾರು ಉಣ್ತಾರಲೇ?" ಎಂದು ಅವ್ವ ಗದರಿದಳು.

ಮುಂದಿನ ಬುಧವಾರದೊಳಗೆ ಉಣ್ಣದಿದ್ದರೆ ಧಾರವಾಡದ ದೊಡ್ಡ ಆಸ್ಪತ್ರೆಗೆ ಕಳಿಸದೆ ವಿಧಿಯಿಲ್ಲ ಎಂದು ಡಾಕ್ಟರಮ್ಮ ಹೇಳಿಹೋದರು. ಅವರು ಹೇಳಿದ್ದು ತಪ್ಪೇನಲ್ಲ. ಆದರೂ ಮಾತಿಲ್ಲದ ಆ ಹುಡುಗಿಯ ಮುಖ ನೋಡುವುದು ನನಗೆ ಕಷ್ಟವಾಯಿತು.

ಶನಿವಾರ ಅಕ್ಕ ನೆಂಟರ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆಂದು ರೂಪನಗುಡಿಗೆ ಹೋಗಿದ್ದಳು. ಬಡಿಸುವುದು ನನ್ನ ಪಾಲಿಗೆ ಬಂತು. ಕಣ್ಣಿಲ್ಲದವರಿಂದ ಶುರುಮಾಡಿದೆ. ನಡುವೆ ಸಾರಿನ ಪಾತ್ರೆ ಉರುಳಿತು. ಅದನ್ನು ಒರೆಸಿ, ಇನ್ನೊಬ್ಬರಿಗೆ ಕಲಸಿಕೊಟ್ಟು, ಅವ್ವನ ನೆನಪಾಗಿ ತಟ್ಟೆ ಹಿಡಿದು ಓಡಿದಾಗ ಎಲ್ಲರೂ ಕೈತೊಳೆಯುತ್ತಿದ್ದರು. ಅವ್ವ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದಳು.

"ಎಲ್ಲಾರೂ ಉಂಡ್ರಾ?"

"ಉಂಡರವ್ವ."

ಚಕ್ಕಳಮಕ್ಕಳ ಹಾಕಿ ಕೂತು ಎರಡು ರೊಟ್ಟಿ, ಒಂದಿಷ್ಟು ಅನ್ನ ಉಂಡಳು. ಹಸಿಮೆಣಸಿನಕಾಯಿ ಕೇಳಿದಳು. ನಾನು ಮಾತ್ರೆ ಹಿಡಿದುಕೊಂಡು ಬೆಪ್ಪಾಗಿ ನಿಂತಿದ್ದೆ. ನಮ್ಮ ಮನೆಯಲ್ಲೂ ಅಮ್ಮ ಉಣ್ಣುವುದು ಎಲ್ಲರದೂ ಮುಗಿದ ಮೇಲೆಯೇ. ಎಷ್ಟು ಮರೆತರೂ ಅವ್ವ ಒಂದು ದೊಡ್ಡ ಮನೆಯ ಯಜಮಾನಿಯಾಗಿಯೇ ಉಳಿದಿದ್ದಳು. ನಾವು ಅವಳಿಗೆ ಮೊದಲ ತಟ್ಟೆ ಕೊಟ್ಟು ನಾಚಿಸುತ್ತಿದ್ದೆವು.

ಅಂದಿನಿಂದ ಅವಳ ತಟ್ಟೆ ಕೊನೆಗೆ. ಆದರೆ ಅವಳ ಮನೆ ದಿನದಿನಕ್ಕೆ ಬೆಳೆಯಿತು. ಸೋಮವಾರ ಬಾಗಿಲು ಕಾಯುವ ತಾತನನ್ನೂ ಉಂಡೆಯಾ ಎಂದು ವಿಚಾರಿಸಿದಳು. ಮನೆಯಲ್ಲೇ ಉಂಡು ಬಂದಿದ್ದ ತಾತ ಮತ್ತೆ ನಾಲ್ಕು ತುತ್ತು ತಿಂದು, ಸಾಕ್ಷಿಗೆ ಜೋರಾಗಿ ತೇಗಿದ. "ನಮ್ಮ ಮನ್ಯಾಕಿನೂ ಇಷ್ಟು ಕೇಳಂಗಿಲ್ಲ ನೋಡಬೇ" ಎಂದ.

ಬುಧವಾರ ಡಾಕ್ಟರಮ್ಮ ಬಂದಾಗ ಊಟದ ಹೊತ್ತು. ಈಗ ಉಣ್ಣುತ್ತಾಳೆ ಎಂದೆ. ಕಣ್ಣಾರೆ ನೋಡುತ್ತೇನೆಂದು ಅವರು ಕುರ್ಚಿ ಎಳೆದುಕೊಂಡರು. ಅವ್ವ ತಟ್ಟೆ ಮುಟ್ಟಲಿಲ್ಲ.

"ಈಕಿ ಉಂಡಾಳೇನು?" ಎಂದು ಡಾಕ್ಟರಮ್ಮನ ಕಡೆ ಗದ್ದ ಎತ್ತಿದಳು.

ಡಾಕ್ಟರಮ್ಮ ನನ್ನತ್ತ ನೋಡಿದರು. "ಇಲ್ರಿ ಅವ್ವಾ, ಬೆಳಿಗ್ಗಿಂದ ಬರೀ ಚಹಾ" ಎಂದರು.

ಅವ್ವ ಎದ್ದು, ತನ್ನ ತಟ್ಟೆಯನ್ನೇ ಅವರ ಮುಂದಿಟ್ಟು, ಅವರನ್ನು ಚಾಪೆಯ ಮೇಲೆ ಕೂರಿಸಿದಳು. ಡಾಕ್ಟರಮ್ಮ ರೊಟ್ಟಿಯನ್ನು ಚೂರುಚೂರು ಮುರಿದು ನಿಧಾನಕ್ಕೆ ಅಗಿಯುತ್ತಿದ್ದರು. ಅವ್ವ ಸ್ವಲ್ಪ ಹೊತ್ತು ತಡೆದು, ಸೊಂಟದ ಮೇಲೆ ಕೈಯಿಟ್ಟಳು.

"ಲಗೂನ ಉಣ್ಣವಾ ತಾಯಿ, ನನಗ ಹಸಿವಿ ಆಗೈತಿ."