ಕಹಳೆಯ ಕಾಸ್ಪರನ ಹಲ್ಲು

ಕಾಸ್ಪರ್ ಗ್ರೂನರ್ಟ್ ಎಂಥ ಎತ್ತರದ ಆಳೆಂದರೆ ವಾದ್ಯದವರು ಕೂರುವ ಚರ್ಚಿನ ಅಟ್ಟದ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರುವ ಹಾಗಿರಲಿಲ್ಲ. ಚರ್ಮ ಹದಮಾಡುವವನ ಮಗ. ಅಪ್ಪನ ಬಾರಿನ ಏಟು ತಿಂದು ಬೆಳೆದವನು, ಏಟು ಕೊಡುವುದನ್ನೂ ಬೇಗ ಕಲಿತ. ಊರ ವಾದ್ಯದವರ ಜೊತೆ ಸೇರಿ ಕಹಳೆ ಹಿಡಿದ ಮೇಲೆ ಆ ಸಿಟ್ಟಿಗೊಂದು ದಾರಿ ಸಿಕ್ಕಿತು. ಸ್ಯಾಕ್ಸನಿ ನಾಡಿನ ಆ ಗಡಿ ಊರಲ್ಲಿ ಅವನಷ್ಟು ಮೇಲಿನ ಸ್ವರ ಮುಟ್ಟುವವರು ಇರಲಿಲ್ಲ.

ದೇವದೂತ ಮಿಖಾಯೇಲನ ಹಬ್ಬಕ್ಕೆ ಚರ್ಚಿನ ಸಂಗೀತದ ಗುರು ವೈಡ್ನರ್ ಹೊಸ ಕಂಟಾಟಾ, ಅಂದರೆ ಕಂಠಕ್ಕೂ ವಾದ್ಯಕ್ಕೂ ಹೊಂದಿಸಿದ ಹಾಡುಗಳ ಮಾಲೆ, ಬರೆದಿದ್ದ. ಅಭ್ಯಾಸದಲ್ಲಿ ಗದರಿದ: "ಲೋ ಕಾಸ್ಪರ್, ಮೊದಲನೇ ಹಾಡಲ್ಲಿ ಸ್ವರ್ಗದಲ್ಲೇ ಯುದ್ಧ. ಮಿಖಾಯೇಲ ಘಟಸರ್ಪದ ಮೇಲೆ ಎತ್ತೋ ಕತ್ತಿ ನಿನ್ನ ಕಹಳೆ. ಗೋಡೆ ಬಿರಿಯೋ ಹಂಗೆ ಊದು. ಆಮೇಲೆ ಒಂದು ಕಂಠ ಗೆದ್ದ ಸುದ್ದಿ ಹೇಳತ್ತೆ. ಮೂರನೇದು ಹೆದರಿದ ಜೀವದ ಮೊರೆ, ದೇವದೂತರೇ ಬಿಟ್ಟು ಹೋಗಬೇಡಿ ಅಂತ. ಅಲ್ಲಿ ನೀನು ಬಾಯಿ ಮುಚ್ಕೊಂಡಿರು. ಕೊನೇ ಕೀರ್ತನೆ ಇಡೀ ಊರಿಂದು."

"ಬಾಯಿ ಮುಚ್ಚೋದಾ? ಅದೊಂದು ಇವನಿಗೆ ಬರಲ್ಲ ಗುರುಗಳೇ," ಎಂದು ನಗಾರಿಯ ಮಾಟ್ಸ್ ನಕ್ಕ.

ಹಬ್ಬದ ದಿನ ಯುದ್ಧದ ಹಾಡು ಮುಗಿದು ಮೂರನೆಯದು ಶುರುವಾಗಿತ್ತು. ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಗಡಿಯಾಚೆಯ ರಾಜನಿಗೆ ಎತ್ತರದ ಸಿಪಾಯಿಗಳ ಹುಚ್ಚು. ಅವನ ಆಳುಗಳು ಹೊಲದಿಂದ, ಮದುವೆ ಊಟದಿಂದ ಗಂಡಸರನ್ನು ಎಳೆದೊಯ್ದಿದ್ದರು. ಚರ್ಚಿಗೆ ನುಗ್ಗಿದ್ದು ಅದೇ ಮೊದಲು.

ಅಡ್ಡ ಬಂದ ಮಾಟ್ಸನ ತಲೆಗೆ ಬಂದೂಕಿನ ಹಿಡಿ ಬಿತ್ತು. ಅವನು ನಗಾರಿಯ ತಾಮ್ರದ ಅಂಚಿಗೆ ಹಣೆ ಒಡೆದುಕೊಂಡು ಬಿದ್ದ, ಮತ್ತೆ ಏಳಲಿಲ್ಲ. ಕಾಸ್ಪರ್ ಕಹಳೆ ಬೀಸಿದ. ಮುಂದಿದ್ದ ಹವಾಲ್ದಾರನ ಕೆನ್ನೆಯ ಮೂಳೆ ಲಟಕ್ಕೆಂದಿತು. ಇನ್ನೊಬ್ಬನನ್ನು ಎತ್ತಿ ಕಟಕಟೆಯಾಚೆ ಎಸೆದ. ಕೆಳಗೆ ಬೆಂಚುಗಳು ಮುರಿದವು, ಹೆಂಗಸರು ಚೀರಿದರು. ಉಳಿದವರು ಅವನನ್ನು ನೆಲಕ್ಕೆ ಕೆಡವಿ, ಹಗ್ಗ ಬಿಗಿದು, ಛತ್ರದ ಕುದುರೆ ಲಾಯಕ್ಕೆ ದರದರ ಎಳೆದುಕೊಂಡು ಹೋದರು.

ತಂಗಿ ಸಿಬಿಲ್ಲೆ ಬಟ್ಟೆ ಒಗೆಯುವವಳು. ಗಂಜಿ ಕೊಡುವ ನೆಪ ಹೇಳಿ ಒಳಗೆ ಬಂದಳು. ಲಂಗದ ಮಡಿಕೆಯಲ್ಲಿ ಬಟ್ಟೆ ಬಡಿಯುವ ದೊಣ್ಣೆ ಇತ್ತು.

"ಅಣ್ಣಾ, ಬಂದೂಕಿನ ಮದ್ದಿನ ಪೊಟ್ಟಣ ಮುಂದಿನ ಹಲ್ಲಲ್ಲೇ ಕಚ್ಚಿ ಹರೀಬೇಕಂತೆ. ಹಲ್ಲಿಲ್ಲದವನು ಸಿಪಾಯಿ ಆಗಲ್ಲ."

"ಹಲ್ಲಿಲ್ದೆ ಕಹಳೆ ಊದೋದು ಹೆಂಗೇ?"

"ದಂಡಲ್ಲಿ ಸತ್ತ ಮೇಲೆ ಊದ್ತೀಯಾ? ಬಾಯಿ ತೆರಿ."

ಅವನು ತೆರೆಯಲಿಲ್ಲ. ಅವಳು ಮುಚ್ಚಿದ ಬಾಯಿಗೇ ಬಡಿದಳು. ತುಟಿ ಸೀಳಿತು. ಆಗ ಅವನು ಕಣ್ಣು ಮುಚ್ಚಿ ಬಾಯಿ ತೆರೆದ. ಅಳುತ್ತ ಅಳುತ್ತಲೇ ಅವಳು ಮತ್ತೆ ಮತ್ತೆ ಹೊಡೆದಳು. ಹಲ್ಲುಗಳು ರಕ್ತದ ಜೊತೆ ಹುಲ್ಲಿಗೆ ಬಿದ್ದವು.

ಹವಾಲ್ದಾರ ಬಂದು ನೋಡಿದ. "ನಾಯಿಗೆ ಹುಟ್ಟಿದವನೇ!" ಎಂದು ಕತ್ತಿಯ ಮಗ್ಗುಲಿನಿಂದ ಸಾಕಾಗುವಷ್ಟು ಬಾರಿಸಿ, ಚರಂಡಿಗೆ ಒದ್ದು ಹೋದ.

ಮಾಟ್ಸನ ಮಣ್ಣಿಗೆ ಊದಲು ಕಾಸ್ಪರನಿಂದ ಆಗಲಿಲ್ಲ. ಉಸಿರು ಸೋರಿತು. ಸೊಟ್ಟಗಾದ ಕಹಳೆಯನ್ನು ಹೊಳೆಗೆ ಎಸೆದ. ಚಳಿಗಾಲವಿಡೀ ತಂಗಿಯ ಹೊಸ್ತಿಲು ತುಳಿಯಲಿಲ್ಲ. ಹೊಳೆದಂಡೆಯಲ್ಲಿ ಒಮ್ಮೆ ಎದುರಾದಾಗ ಕೈ ಎತ್ತಿದ. ಅವಳು ಹಿಂದೆ ಸರಿಯದೆ ನಿಂತಳು. ಹೊಡೆಯಲಾರದೆ ಹೊರಟುಹೋದ.

ಆ ಚಳಿಗಾಲದಲ್ಲೇ ವೈಡ್ನರ್ ಅವನ ಕೈಗೆ ಆಳೆತ್ತರದ ಮಂದ್ರ ಪಿಟೀಲು ಕೊಟ್ಟು ಕಲಿಸಿದ. ಎಲ್ಲ ಕಂಠಗಳ ಅಡಿಯಲ್ಲಿ ಬುನಾದಿಯಂತೆ ಹರಿಯುವ ವಾದ್ಯ. ಈಸ್ಟರ್ ಕಳೆದ ಮುಂದಿನ ಭಾನುವಾರದ ಕಂಟಾಟಾದಲ್ಲಿ, ಸತ್ತು ಎದ್ದ ಯೇಸು ಮುಚ್ಚಿದ ಬಾಗಿಲೊಳಗೆ ಬಂದು ಶಿಷ್ಯರಿಗೆ ಶಿಲುಬೆಯ ಗಾಯ ತೋರಿಸುವ ಕಥೆ. ಹೆದರಿದ ಶಿಷ್ಯರಾಗಿ ಪಿಟೀಲುಗಳೆಲ್ಲ ದಡಬಡಿಸಿ ತಟ್ಟನೆ ನಿಂತವು. ಯೇಸುವಿನ ಮಾತು ಯಾವಾಗಲೂ ಮಂದ್ರ ಕಂಠದ್ದೇ. "ನಿಮಗೆ ಸಮಾಧಾನವಾಗಲಿ" ಎಂದು ಅದು ಹಾಡಿದಾಗ ಕೆಳಗೆ ಕಾಸ್ಪರನ ತಂತಿಯೊಂದೇ ನಡೆಯುತ್ತಿತ್ತು. ಆ ಮಾತು ಮುಗಿಯುವವರೆಗೂ ಅವನು ಕಮಾನು ನಿಲ್ಲಿಸಲಿಲ್ಲ.

ಅಲ್ಲಿಂದ ನೆಟ್ಟಗೆ ಸಿಬಿಲ್ಲೆಯ ಮನೆಗೆ ಹೋದ.

"ಏನು ಬಂದೆ?" ಎಂದಳು ಅವಳು, ಬಾಗಿಲು ಪೂರ್ತಿ ತೆರೆಯದೆ.

"ಹಸಿವು ಕಣೇ. ಮೆತ್ತಗಿರೋದು ಏನಾದ್ರೂ ಇದ್ರೆ ಕೊಡು."

ಅವಳು ಬಾಗಿಲು ತೆರೆದಳು, ರೊಟ್ಟಿ ಮುರಿದು ಬಿಯರ್ ಸಾರಿನಲ್ಲಿ ನೆನೆಹಾಕಿದಳು. ಅವನು ಉಂಡ. ಬಟ್ಟಲು ಬರಿದಾದಾಗ ಅವಳು ಇನ್ನೊಂದು ರೊಟ್ಟಿ ಮುರಿದಳು.